ಗೋಡೆಯ ಮೇಲಿನ ಭೂಮಿ

ಪಾಠಶಾಲೆಯ ಗೋಡೆಗೆ ತೂಗುಹಾಕಿದ ಲೋಕದ ಭೂಪಟವನ್ನು ನೋಡದೆ ಬೆಳೆದವರು ನಮ್ಮಲ್ಲಿ ವಿರಳ. ಮೇಲೆ ಉತ್ತರ, ಕೆಳಗೆ ದಕ್ಷಿಣ, ನಡುವೆ ಯೂರೋಪು ಮತ್ತು ಆಫ್ರಿಕ, ಎಡಕ್ಕೆ ಅಮೆರಿಕ, ಬಲಕ್ಕೆ ಏಷ್ಯ. ಈ ಚಿತ್ರವು ಎಳವೆಯಲ್ಲಿಯೇ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತುಬಿಡುತ್ತದೆ. ಮುಂದೆ ಭೂಮಿಯೆಂಬ ಮಾತು ಬಂದಾಗಲೆಲ್ಲ ನಮ್ಮ ಕಣ್ಣಿಗೆ ಕಟ್ಟುವುದು ಅದೇ ಚಿತ್ರ. ಭೂಮಿಯು ಗುಂಡಗಿದೆಯೆಂದು ಬಾಯಿಂದ ಹೇಳುತ್ತೇವೆ. ಮನಸ್ಸು ಮಾತ್ರ ಚಪ್ಪಟೆಯಾದ ಆ ಕಾಗದದ ಮೇಲೆಯೇ ಸಂಚರಿಸುತ್ತಿರುತ್ತದೆ.

ಇದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಓದುಗರು ಒಂದು ಸಣ್ಣ ಪ್ರಶ್ನೆಯಿಂದ ಪರೀಕ್ಷಿಸಿಕೊಳ್ಳಬಹುದು. ಬೆಂಗಳೂರಿನಿಂದ ಅಮೆರಿಕದ ಪಶ್ಚಿಮ ತೀರದಲ್ಲಿರುವ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಅತ್ಯಂತ ಹತ್ತಿರದ ದಾರಿಯಲ್ಲಿ ವಿಮಾನವನ್ನು ನಡೆಸಬೇಕಾಗಿದೆ. ಹೊರಡುವಾಗ ವಿಮಾನದ ಮೂತಿಯನ್ನು ಯಾವ ದಿಕ್ಕಿಗೆ ತಿರುಗಿಸಬೇಕು? ಬೆಂಗಳೂರು ಉತ್ತರ ಅಕ್ಷಾಂಶ 13 ಡಿಗ್ರಿಯ ಬಳಿ ಇದೆ. ಸ್ಯಾನ್ ಫ್ರಾನ್ಸಿಸ್ಕೋ 38 ಡಿಗ್ರಿಯ ಬಳಿ. ಶಾಂತಸಾಗರವು ಒಡೆಯದೆ ಕಾಣುವಂತೆ ಬರೆದ ಗೋಡೆಯ ಭೂಪಟದಲ್ಲಿ ಇವೆರಡರ ನಡುವೆ ಗೆರೆ ಎಳೆದರೆ ಅದು ಹೆಚ್ಚುಕಡಿಮೆ ಪೂರ್ವಕ್ಕೇ ಸಾಗುತ್ತದೆ; ಉತ್ತರಕ್ಕೆ ವಾಲುವುದು 10 ಡಿಗ್ರಿಯಷ್ಟು ಮಾತ್ರ. ಆ ಗೆರೆಯನ್ನು ಅನುಸರಿಸಿದ ವಿಮಾನವು ಸುಮಾರು 16,100 ಕಿಲೋಮೀಟರ್ ಹಾರಬೇಕಾಗುತ್ತದೆ.

ಈಗ ಕಾಗದವನ್ನು ಬಿಟ್ಟು, ಪ್ರಯೋಗಶಾಲೆಯ ಮೂಲೆಯಲ್ಲಿ ಧೂಳು ಹಿಡಿದು ಕುಳಿತಿರುವ ಭೂಗೋಳದ ಗುಂಡನ್ನು ತೆಗೆದುಕೊಳ್ಳೋಣ. ಒಂದು ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋದ ಮೇಲೆ ಇಟ್ಟು ಬಿಗಿಯಾಗಿ ಎಳೆಯೋಣ. ದಾರವು ಪೂರ್ವಕ್ಕೆ ಹೋಗುವುದಿಲ್ಲ! ಅದು ಬಹುಮಟ್ಟಿಗೆ ಉತ್ತರಕ್ಕೆ ಹೊರಟು, ಚೀನವನ್ನೂ ಸೈಬೀರಿಯವನ್ನೂ ಹಾದು, 71 ಡಿಗ್ರಿ ಅಕ್ಷಾಂಶದವರೆಗೆ ಏರಿ, ಅಲಾಸ್ಕದ ಕಡೆಯಿಂದ ಇಳಿಯುತ್ತದೆ. ಈ ದಾರಿಯ ಉದ್ದ ಸುಮಾರು 14,000 ಕಿಲೋಮೀಟರ್. ಕಾಗದದ ಮೇಲಿನ ನೇರವಾದ ಗೆರೆಯನ್ನು ನಂಬಿದವನು 2,100 ಕಿಲೋಮೀಟರಿನಷ್ಟು ಸುತ್ತುಹೊಡೆದಂತಾಯಿತು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಎಲ್ಲಿಯೂ ತಂಗದೆ ಹಾರಿಬಂದ ಏರ್ ಇಂಡಿಯಾ ಸಂಸ್ಥೆಯ ಮೊದಲ ವಿಮಾನವು ಇನ್ನೂ ಉತ್ತರಕ್ಕೆ ಸರಿದು, ಧ್ರುವದ ಮೇಲಿಂದಲೇ ಬಂದಿತು. ಉತ್ತರಧ್ರುವವಾದರೋ ಬಹುತೇಕ ಗೋಡೆಯ ಭೂಪಟಗಳಲ್ಲಿ ಒಂದು ಬಿಂದುವಾಗಿ ಕಾಣುವುದೇ ಇಲ್ಲ.

ಹಾಗಾದರೆ ಗೋಡೆಯ ಭೂಪಟವು ಸುಳ್ಳು ಹೇಳುತ್ತಿದೆಯೆ? ಹಾಗೆನ್ನುವುದು ಆತುರದ ತೀರ್ಪಾದೀತು. ಪ್ರತಿಯೊಂದು ಭೂಪಟವೂ ಯಾರೋ ಕೇಳಿದ ಒಂದು ಪ್ರಶ್ನೆಗೆ ಕೊಟ್ಟ ಉತ್ತರ. ಆ ಪ್ರಶ್ನೆ ಯಾವುದೆಂಬುದನ್ನು ನಾವು ಮರೆತು, ಉತ್ತರವನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಮರೆತುಹೋದ ಆ ಪ್ರಶ್ನೆಗಳನ್ನು ನೆನಪಿಗೆ ತಂದುಕೊಳ್ಳುವುದೇ ಈ ಲೇಖನದ ಉದ್ದೇಶ.

ನಡುವೆ ಇರುವವರು ಯಾರು?

ಮನುಷ್ಯನು ಭೂಮಿಯನ್ನು ಅಳೆಯುವುದಕ್ಕೆ ಬಹು ಮೊದಲೇ ಅದನ್ನು ಕಲ್ಪಿಸಿಕೊಂಡನು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಬಾಬಿಲೋನಿಯದ ಮಣ್ಣಿನ ಹಲಗೆಯೊಂದಿದೆ. ಕ್ರಿಸ್ತಪೂರ್ವ ಆರನೆಯ ಶತಮಾನದ್ದೆಂದು ಹೇಳಲಾಗುವ ಅದು ಅಂಗೈಯಗಲದ್ದು. ಅದರ ಮೇಲೆ ಲೋಕವನ್ನು ಒಂದು ವೃತ್ತವಾಗಿ ಕೊರೆದಿದ್ದಾರೆ. ವೃತ್ತದ ಸುತ್ತಲೂ ಉಪ್ಪುನೀರಿನ ಕಡಲು. ಒಳಗೆ ಯೂಫ್ರಟೀಸ್ ನದಿ. ನದಿಯ ಮೇಲೆ, ಮಧ್ಯದ ಸಮೀಪದಲ್ಲಿ, ಎಲ್ಲಕ್ಕಿಂತ ಪ್ರಧಾನವಾಗಿ ಬಾಬಿಲೋನ್ ನಗರ.

ನಮ್ಮ ಪುರಾಣಗಳ ಲೋಕಚಿತ್ರವನ್ನು ಓದುಗರು ಕೇಳಿಯೇ ಇರುತ್ತಾರೆ. ನಡುವೆ ಮೇರುಪರ್ವತ, ಅದರ ಸುತ್ತ ಜಂಬೂದ್ವೀಪ, ಅದನ್ನು ಬಳಸಿ ಲವಣಸಮುದ್ರ. ಅದರಾಚೆ ಬಳೆಯ ಹೊರಗೆ ಬಳೆಯಂತೆ ಒಂದಕ್ಕಿಂತ ಒಂದು ಎರಡರಷ್ಟಾಗುವ ದ್ವೀಪಗಳು, ಕಬ್ಬಿನ ಹಾಲು, ಸುರೆ, ತುಪ್ಪ, ಮೊಸರು, ಹಾಲುಗಳ ಸಮುದ್ರಗಳು. ಭಾರತವರ್ಷವು ಜಂಬೂದ್ವೀಪದ ದಕ್ಷಿಣ ಭಾಗ. ಜೈನರೂ ಇದೇ ಬಗೆಯ ದ್ವೀಪಸಮುದ್ರಗಳ ಬಳೆಗಳನ್ನು ಬಟ್ಟೆಯ ಮೇಲೆ ಬಣ್ಣಬಣ್ಣವಾಗಿ ಬರೆದು ಪೂಜ್ಯಭಾವದಿಂದ ಕಾಪಾಡಿಕೊಂಡು ಬಂದಿದ್ದಾರೆ.

ಮಧ್ಯಯುಗದ ಯೂರೋಪಿನಲ್ಲಿ ಕ್ರೈಸ್ತ ಸಂನ್ಯಾಸಿಗಳು ಬರೆದ ಲೋಕಪಟಗಳಲ್ಲಿ ಪೂರ್ವವು ಮೇಲಿರುತ್ತಿತ್ತು. ಏಕೆಂದರೆ ಆದಿಮಾನವರಿದ್ದ ಸ್ವರ್ಗೋದ್ಯಾನವು ಪೂರ್ವದಲ್ಲಿದೆಯೆಂಬುದು ಅವರ ನಂಬಿಕೆ. ಇಂಗ್ಲೆಂಡಿನ ಹೆರೆಫರ್ಡ್ ಪ್ರಧಾನ ದೇವಾಲಯದಲ್ಲಿ ಸುಮಾರು 1300ರಲ್ಲಿ ಚರ್ಮದ ಮೇಲೆ ಬರೆದ ಇಂತಹ ಪಟವೊಂದಿದೆ. ಅದರ ನಟ್ಟನಡುವೆ ಇರುವುದು ಜೆರೂಸಲೇಮ್.

ಈ ಚಿತ್ರಗಳನ್ನು ಕೈಯಲ್ಲಿ ಹಿಡಿದು ಪ್ರಯಾಣ ಹೊರಟವನು ದಾರಿ ತಪ್ಪುವುದು ಖಂಡಿತ. ಆದರೆ ಬರೆದವರು ಅವನ್ನು ಪ್ರಯಾಣಿಕರಿಗಾಗಿ ಬರೆಯಲಿಲ್ಲ. "ಈ ವಿಶಾಲವಾದ ಲೋಕದಲ್ಲಿ ನಮ್ಮ ನೆಲೆ ಎಲ್ಲಿ? ಪವಿತ್ರವಾದುದು ಎಲ್ಲಿ?" ಎಂಬುದು ಅವರ ಪ್ರಶ್ನೆಯಾಗಿದ್ದಿತು. ಬಾಬಿಲೋನಿನವನು ಬಾಬಿಲೋನನ್ನು, ಕ್ರೈಸ್ತನು ಜೆರೂಸಲೇಮನ್ನು, ಪೌರಾಣಿಕನು ಮೇರುವನ್ನು ನಡುವೆ ಇಟ್ಟುದರಲ್ಲಿ ಆಶ್ಚರ್ಯವೇನೂ ಇಲ್ಲ. ಮನುಷ್ಯನು ತನಗೆ ಮುಖ್ಯವಾದುದರ ಸುತ್ತ ಲೋಕವನ್ನು ಜೋಡಿಸಿಕೊಳ್ಳುತ್ತಾನೆ. ಈ ಸ್ವಭಾವವು ಮುಂದೆ ಅಳತೆಗೋಲು ಕೈಗೆ ಬಂದ ಮೇಲೂ ಅವನನ್ನು ಬಿಟ್ಟುಹೋಗಲಿಲ್ಲವೆಂಬುದನ್ನು ಮುಂದೆ ಕಾಣುವೆವು.

ನೆರಳು ಮತ್ತು ಕದಂಬ

ಕಲ್ಪನೆಯ ಜೊತೆಜೊತೆಯಲ್ಲಿಯೇ ಅಳತೆಯೂ ಬೆಳೆಯಿತು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರದ ಗ್ರಂಥಾಲಯದ ಅಧಿಪತಿಯಾಗಿದ್ದ ಎರಟಾಸ್ತನೀಸನು ನೆರಳಿನಿಂದ ಭೂಮಿಯನ್ನು ಅಳೆದನು. ದಕ್ಷಿಣದ ಸಯೀನ್ ಎಂಬ ಊರಿನಲ್ಲಿ ಬೇಸಗೆಯ ಅತಿ ದೀರ್ಘವಾದ ದಿನದ ನಡುಹಗಲಿಗೆ ಸೂರ್ಯನು ನೆತ್ತಿಯ ಮೇಲೆ ನಿಂತು ನೆರಳೇ ಬೀಳುವುದಿಲ್ಲ. ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯದಲ್ಲಿ ಸೂರ್ಯನು ನೆತ್ತಿಯಿಂದ ಪೂರ್ಣವೃತ್ತದ ಐವತ್ತನೆಯ ಒಂದು ಪಾಲು, ಎಂದರೆ 7.2 ಡಿಗ್ರಿಯಷ್ಟು ಓರೆಯಾಗಿರುತ್ತಾನೆ. ಆದುದರಿಂದ ಎರಡು ಊರುಗಳ ನಡುವಣ ದೂರವನ್ನು ಐವತ್ತರಿಂದ ಗುಣಿಸಿದರೆ ಭೂಮಿಯ ಸುತ್ತಳತೆ ದೊರೆಯಬೇಕು. ಆ ದೂರವು 5,000 ಸ್ಟೇಡಿಯ ಎಂದು ತೆಗೆದುಕೊಂಡು ಅವನು 2,50,000 ಸ್ಟೇಡಿಯ ಎಂಬ ಉತ್ತರವನ್ನು ಪಡೆದನು. ಒಂದು ಕೋಲು, ಒಂದು ನೆರಳು, ರೇಖಾಗಣಿತದ ಒಂದು ಪ್ರಮೇಯ, ಇಷ್ಟೇ ಅವನ ಸಾಮಗ್ರಿ.

ನಮ್ಮ ದೇಶದಲ್ಲಿ ಆರ್ಯಭಟನು 499ರ ಸುಮಾರಿನಲ್ಲಿ ಭೂಮಿಯು ಗೋಳಾಕಾರವಾಗಿದ್ದು ಆಧಾರವಿಲ್ಲದೆ ಆಕಾಶದಲ್ಲಿ ನಿಂತಿದೆಯೆಂದು ಹೇಳಿ, ಅದರ ವ್ಯಾಸವನ್ನು 1,050 ಯೋಜನಗಳೆಂದು ಕೊಟ್ಟನು. ಗೋಳದ ಎಲ್ಲ ಕಡೆಗಳಲ್ಲಿಯೂ ಜೀವಿಗಳು ಇರುವುದು ಹೇಗೆಂಬುದನ್ನು ತಿಳಿಸಲು ಅವನು ಆರಿಸಿಕೊಂಡ ಹೋಲಿಕೆ ಕದಂಬದ ಹೂವು. ಮಳೆಗಾಲದಲ್ಲಿ ಆ ಹೂವನ್ನು ನೋಡಿದವರಿಗೆ ಹೋಲಿಕೆಯ ಸೊಗಸು ತಾನೇ ಅರ್ಥವಾಗುತ್ತದೆ: ಪುಟ್ಟ ಚೆಂಡಿನ ಮೈಯ ತುಂಬ ಎಲ್ಲ ಕಡೆಗೂ ಎಸಳುಗಳು ನಿಗುರಿ ನಿಂತಿರುತ್ತವೆ, ಅವುಗಳಲ್ಲಿ ಮೇಲಿನದು ಯಾವುದು, ಕೆಳಗಿನದು ಯಾವುದು? 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯನು, ದೊಡ್ಡ ವೃತ್ತದ ಪರಿಧಿಯ ನೂರನೆಯ ಒಂದು ಪಾಲು ನೇರವಾಗಿಯೇ ಕಾಣುವಂತೆ ಅತ್ಯಲ್ಪನಾದ ಮನುಷ್ಯನ ಕಣ್ಣಿಗೆ ಭೂಮಿಯು ಸಮತಲವಾಗಿ ತೋರುತ್ತದೆಯೆಂದು ವಾದಿಸಿದನು.

ಹೀಗೆ ಪುರಾಣದ ಭೂಮಿಯೂ ಸಿದ್ಧಾಂತದ ಭೂಮಿಯೂ ಒಂದೇ ಸಮಾಜದಲ್ಲಿ ಅಕ್ಕಪಕ್ಕದಲ್ಲಿ ಬಾಳಿದವು. ಗ್ರಹಣದ ಕಾಲವನ್ನು ಗುಣಿಸುವಾಗ ಗೋಳ; ಸಂಕಲ್ಪವನ್ನು ಹೇಳುವಾಗ ಜಂಬೂದ್ವೀಪ. ಜ್ಯೋತಿಷಿಗಳು ಮೇರುವನ್ನು ತಳ್ಳಿಹಾಕದೆ ಅದನ್ನು ಉತ್ತರಧ್ರುವದಲ್ಲಿ ಇಟ್ಟು, ಎರಡಕ್ಕೂ ಸಂಧಿಮಾಡಿಕೊಂಡರು.

ಯೂರೋಪಿನ ವಿಚಾರದಲ್ಲಿ ಒಂದು ತಪ್ಪು ಕಥೆ ಇಂದಿಗೂ ಪ್ರಚಾರದಲ್ಲಿದೆ. ಕೊಲಂಬಸನ ಕಾಲದವರೆಗೆ ಅಲ್ಲಿನ ಪಂಡಿತರು ಭೂಮಿಯನ್ನು ಚಪ್ಪಟೆಯೆಂದು ನಂಬಿದ್ದರೆಂದೂ, ಅವನು ಅದನ್ನು ಸುಳ್ಳುಮಾಡಿದನೆಂದೂ ಆ ಕಥೆ ಹೇಳುತ್ತದೆ. 1828ರಲ್ಲಿ ವಾಷಿಂಗ್ಟನ್ ಇರ್ವಿಂಗನು ಬರೆದ ಕೊಲಂಬಸನ ಚರಿತ್ರೆಯಿಂದ ಅದಕ್ಕೆ ವಿಶೇಷ ಪ್ರಚಾರ ದೊರೆಯಿತು. ವಾಸ್ತವವಾಗಿ ಹದಿಮೂರನೆಯ ಶತಮಾನದಲ್ಲಿ ಸಾಕ್ರೊಬಾಸ್ಕೊ ಎಂಬಾತನು ಬರೆದ ಗೋಳಶಾಸ್ತ್ರದ ಪುಸ್ತಕವು ಅಲ್ಲಿನ ವಿಶ್ವವಿದ್ಯಾನಿಲಯಗಳಲ್ಲಿ ಪಠ್ಯವಾಗಿದ್ದಿತು. ಕೊಲಂಬಸನಿಗೂ ಪಂಡಿತರಿಗೂ ಇದ್ದ ವಿವಾದವು ಭೂಮಿಯ ಆಕಾರದ್ದಲ್ಲ, ಗಾತ್ರದ್ದು. ಕ್ಯಾನರಿ ದ್ವೀಪಗಳಿಂದ ಪಶ್ಚಿಮಕ್ಕೆ ಹೋದರೆ ಜಪಾನು 4,400 ಕಿಲೋಮೀಟರಿನಷ್ಟು ದೂರದಲ್ಲಿದೆಯೆಂದು ಅವನು ಎಣಿಸಿದ್ದನು. ನಿಜವಾದ ದೂರ ಅದರ ನಾಲ್ಕು ಪಟ್ಟಿಗೂ ಹೆಚ್ಚು. ಪಂಡಿತರ ಮಾತೇ ಸರಿಯಾಗಿತ್ತು. ಅಮೆರಿಕವು ಅಡ್ಡಬಂದು ಅವನನ್ನು ಉಳಿಸಿತು. ಅದೇ 1492ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಮಾರ್ಟಿನ್ ಬೆಹೈಮನು ಮಾಡಿಸಿದ ಭೂಗೋಳವು ನಮಗೆ ಉಳಿದುಬಂದಿರುವ ಅತ್ಯಂತ ಹಳೆಯ ಭೂಗೋಳ. ಅದರಲ್ಲಿ ಯೂರೋಪಿಗೂ ಏಷ್ಯಕ್ಕೂ ನಡುವೆ ಅಮೆರಿಕದ ಸುಳಿವೇ ಇಲ್ಲ.

ಮೇಲು ಯಾವುದು, ಮೊದಲು ಯಾವುದು?

ಗೋಳಕ್ಕೆ ಮೇಲು ಕೆಳಗು ಇಲ್ಲ. ಆದರೆ ಕಾಗದಕ್ಕೆ ಒಂದು ಮೇಲಿನ ಅಂಚು ಇರಲೇಬೇಕು. ಆ ಅಂಚಿನಲ್ಲಿ ಯಾವ ದಿಕ್ಕನ್ನು ಬರೆಯುವುದು? 1154ರಲ್ಲಿ ಸಿಸಿಲಿಯ ಅರಸ ಎರಡನೆಯ ರೋಜರನಿಗಾಗಿ ಅಲ್ ಇದ್ರೀಸಿ ಎಂಬ ಅರಬ್ ವಿದ್ವಾಂಸನು ಸಿದ್ಧಗೊಳಿಸಿದ ಪ್ರಸಿದ್ಧ ಭೂಪಟದಲ್ಲಿ ದಕ್ಷಿಣವು ಮೇಲಿದೆ. ಸುಮಾರು 1450ರಲ್ಲಿ ವೆನಿಸ್ಸಿನ ಸಂನ್ಯಾಸಿ ಫ್ರಾ ಮೌರೊ ಬರೆದ ದೊಡ್ಡ ಲೋಕಪಟದಲ್ಲಿಯೂ ಹಾಗೆಯೇ. ಅದರಲ್ಲಿ ಆಫ್ರಿಕವು ಮೇಲೆ, ಯೂರೋಪು ಕೆಳಗೆ.

ಉತ್ತರವನ್ನು ಮೇಲಿಡುವ ಪದ್ಧತಿಯು ಅಲೆಕ್ಸಾಂಡ್ರಿಯದ ಟಾಲೆಮಿಯಿಂದ ಬಂದುದು. ಅವನು ಸುಮಾರು 150ರಲ್ಲಿ ಎಂಟು ಸಾವಿರದಷ್ಟು ಸ್ಥಳಗಳಿಗೆ ಅಕ್ಷಾಂಶ ರೇಖಾಂಶಗಳನ್ನು ಪಟ್ಟಿಮಾಡಿ, ಗೋಳವನ್ನು ಕಾಗದಕ್ಕೆ ಇಳಿಸುವ ಕ್ರಮಗಳನ್ನೂ ವಿವರಿಸಿದನು. ಹದಿನೈದನೆಯ ಶತಮಾನದ ಆದಿಯಲ್ಲಿ ಆ ಗ್ರಂಥವು ಲ್ಯಾಟಿನ್ ಭಾಷೆಗೆ ಬಂದ ಮೇಲೆ ಯೂರೋಪಿನ ಭೂಪಟಗಳು ಕ್ರಮಕ್ರಮವಾಗಿ ಅದೇ ಮಾದರಿಯನ್ನು ಹಿಡಿದವು.

ಅಕ್ಷಾಂಶಕ್ಕೂ ರೇಖಾಂಶಕ್ಕೂ ಒಂದು ಮುಖ್ಯವಾದ ಭೇದವಿದೆ. ಭೂಮಿಯು ತನ್ನ ಅಕ್ಷದ ಮೇಲೆ ತಿರುಗುವುದರಿಂದ ಎರಡು ಧ್ರುವಗಳೂ ಅವುಗಳ ನಡುವೆ ಭೂಮಧ್ಯರೇಖೆಯೂ ತಾವಾಗಿಯೇ ಗೊತ್ತಾಗುತ್ತವೆ. ಅಕ್ಷಾಂಶದ ಸೊನ್ನೆಯನ್ನು ಪ್ರಕೃತಿಯೇ ಗುರುತಿಸಿಕೊಟ್ಟಿದೆ. ರೇಖಾಂಶದ ಸೊನ್ನೆಯಾದರೋ ಹಾಗಲ್ಲ. ಅದನ್ನು ಮನುಷ್ಯರು ಕುಳಿತು ಒಪ್ಪಿಕೊಳ್ಳಬೇಕು. ಟಾಲೆಮಿಯು ಕ್ಯಾನರಿ ದ್ವೀಪಗಳಿಂದ ಎಣಿಸಿದನು. ನಮ್ಮ ಸಿದ್ಧಾಂತಿಗಳು ಉಜ್ಜಯಿನಿಯ ಮೂಲಕ ಹಾದುಹೋಗುವ ರೇಖೆಯಿಂದ ಎಣಿಸಿದರು. ಫ್ರೆಂಚರಿಗೆ ಪ್ಯಾರಿಸ್, ಇಂಗ್ಲಿಷರಿಗೆ ಗ್ರೀನಿಚ್. ಕೊನೆಗೆ 1884ರಲ್ಲಿ ವಾಷಿಂಗ್ಟನ್ನಿನಲ್ಲಿ 25 ರಾಷ್ಟ್ರಗಳ ಪ್ರತಿನಿಧಿಗಳು ಸಭೆಸೇರಿ ಗ್ರೀನಿಚ್ಚಿಗೆ ಒಪ್ಪಿಗೆ ಕೊಟ್ಟರು. ಲೋಕದ ಹಡಗುಗಳಲ್ಲಿ ಹೆಚ್ಚಿನವು ಆಗಲೇ ಗ್ರೀನಿಚ್ಚಿನಿಂದ ಎಣಿಸಿದ ಪಟಗಳನ್ನು ಬಳಸುತ್ತಿದ್ದುದೇ ಇದಕ್ಕೆ ಕಾರಣ. ಫ್ರಾನ್ಸ್ ದೇಶವು 1911ರವರೆಗೂ ತನ್ನ ಪ್ಯಾರಿಸ್ ರೇಖೆಯನ್ನು ಬಿಡಲಿಲ್ಲ. ಇಲ್ಲಿಯೂ ನಡುವೆ ಯಾರಿರಬೇಕೆಂಬ ಹಳೆಯ ಪ್ರಶ್ನೆಯೇ ಹೊಸ ಉಡುಪಿನಲ್ಲಿ ಬಂದು ನಿಂತಿತೆನ್ನಬಹುದು.

ಸಿಪ್ಪೆಯ ಸಮಸ್ಯೆ

ದಿಕ್ಕನ್ನೂ ಸೊನ್ನೆಯನ್ನೂ ಒಪ್ಪಿಕೊಂಡುದಾಯಿತು. ಈಗ ಎಲ್ಲಕ್ಕಿಂತ ಕಠಿನವಾದ ಸಮಸ್ಯೆ ಎದುರಾಗುತ್ತದೆ. ಒಂದು ಕಿತ್ತಳೆಹಣ್ಣನ್ನು ಸುಲಿದು ಅದರ ಸಿಪ್ಪೆಯನ್ನು ಮೇಜಿನ ಮೇಲೆ ಅಂಗೈಯಿಂದ ಒತ್ತಿ ಸಮತಟ್ಟು ಮಾಡಲು ಯತ್ನಿಸಿ ನೋಡಿ. ಸಿಪ್ಪೆಯು ಅಂಚುಗಳಲ್ಲಿ ಹರಿಯುತ್ತದೆ. ಹರಿಯದಂತೆ ಮಾಡಬೇಕಾದರೆ ಅದನ್ನು ರಬ್ಬರಿನಂತೆ ಕೆಲವೆಡೆ ಎಳೆಯಬೇಕು.

ಕಾಗದವನ್ನು ಸುತ್ತಿ ಕೊಳವೆಯನ್ನು ಮಾಡಬಹುದು. ಕಡಲೆಕಾಯಿ ಮಾರುವವನು ಕಟ್ಟುವ ಶಂಕುವಿನಾಕಾರದ ಪೊಟ್ಟಣವನ್ನೂ ಮಾಡಬಹುದು. ಬಿಚ್ಚಿದರೆ ಕಾಗದವು ಮೊದಲಿನಂತೆಯೇ ಇರುತ್ತದೆ. ಆದರೆ ಅದೇ ಕಾಗದವನ್ನು ಒಂದು ಚೆಂಡಿಗೆ ಸುಕ್ಕಿಲ್ಲದಂತೆ ಅಂಟಿಸಲು ಯಾರಿಂದಲೂ ಸಾಧ್ಯವಿಲ್ಲ. ಇದು ಕೈಚಳಕದ ಕೊರತೆಯಲ್ಲವೆಂಬುದನ್ನು 1827ರಲ್ಲಿ ಜರ್ಮನಿಯ ಗಣಿತಜ್ಞ ಗೌಸನು ಸಾಧಿಸಿ ತೋರಿಸಿದನು. ಮೈಯ ಮೇಲಿನ ದೂರಗಳನ್ನು ಕೆಡಿಸದೆ ಒಂದು ಮೈಯನ್ನು ಎಷ್ಟು ಬಗ್ಗಿಸಿದರೂ ಅದರ ವಕ್ರತೆಯ ಒಂದು ಅಳತೆಯು ಬದಲಾಗುವುದಿಲ್ಲ. ಸಮತಲಕ್ಕೆ ಆ ಅಳತೆ ಸೊನ್ನೆ, ಗೋಳಕ್ಕೆ ಸೊನ್ನೆಯಲ್ಲ. ಆದುದರಿಂದ ಒಂದನ್ನು ಇನ್ನೊಂದಾಗಿ ಮಾರ್ಪಡಿಸಲಾಗದು.

ಪ್ರೌಢಶಾಲೆಯ ವಿದ್ಯಾರ್ಥಿಗಳೂ ಇದನ್ನು ಇನ್ನೊಂದು ಬಗೆಯಲ್ಲಿ ಮನಗಾಣಬಹುದು. ಉತ್ತರಧ್ರುವದಿಂದ ನೇರವಾಗಿ ದಕ್ಷಿಣಕ್ಕೆ ಇಳಿದು ಭೂಮಧ್ಯರೇಖೆಯನ್ನು ಮುಟ್ಟಿ, ಅದರ ಮೇಲೆ ಭೂಮಿಯ ಸುತ್ತಳತೆಯ ಕಾಲುಭಾಗದಷ್ಟು ಪೂರ್ವಕ್ಕೆ ನಡೆದು, ಪುನಃ ಧ್ರುವಕ್ಕೆ ಏರಿದರೆ ಒಂದು ತ್ರಿಭುಜವಾಗುತ್ತದೆ. ಅದರ ಮೂರು ಕೋನಗಳೂ ಸಮಕೋನಗಳೇ. ಮೊತ್ತ 270 ಡಿಗ್ರಿ. ಕಾಗದದ ಮೇಲೆ 180 ಡಿಗ್ರಿಗೆ ಮಿಗಿಲಾದ ತ್ರಿಭುಜವನ್ನು ಬರೆದವರುಂಟೆ? ಆದುದರಿಂದ ದೂರ, ಕೋನ, ವಿಸ್ತೀರ್ಣ ಇವೆಲ್ಲವನ್ನೂ ಸರಿಯಾಗಿ ಉಳಿಸಿಕೊಂಡ ಚಪ್ಪಟೆ ಭೂಪಟವು ಹಿಂದೆ ಇರಲಿಲ್ಲ, ಮುಂದೆಯೂ ಇರಲಾರದು. ಭೂಪಟವನ್ನು ಬರೆಯುವವನು ಯಾವುದನ್ನು ಉಳಿಸಬೇಕು, ಯಾವುದನ್ನು ಬಲಿಕೊಡಬೇಕು ಎಂದು ಮೊದಲೇ ತೀರ್ಮಾನಿಸಬೇಕಾಗುತ್ತದೆ.

ನಾವಿಕರ ಭೂಪಟ

ಅಂತಹ ತೀರ್ಮಾನಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಗೆರಾರ್ಡಸ್ ಮರ್ಕೇಟರನದು. ಅವನು 1512ರಲ್ಲಿ ಫ್ಲಾಂಡರ್ಸಿನಲ್ಲಿ ಹುಟ್ಟಿದನು. ಉಪಕರಣಗಳನ್ನೂ ಭೂಗೋಳಗಳನ್ನೂ ಮಾಡುವುದರಲ್ಲಿ ನಿಪುಣ. 1544ರಲ್ಲಿ ಮತಕ್ಕೆ ವಿರುದ್ಧನಾದನೆಂಬ ಆರೋಪದ ಮೇಲೆ ಏಳು ತಿಂಗಳು ಸೆರೆಯಲ್ಲಿದ್ದು, ಅದೃಷ್ಟದಿಂದ ಜೀವಸಹಿತ ಹೊರಬಂದನು. ಮುಂದೆ ಜರ್ಮನಿಯ ಡ್ಯೂಸ್‌ಬರ್ಗಿನಲ್ಲಿ ನೆಲೆಸಿ, 1569ರಲ್ಲಿ 18 ಹಾಳೆಗಳ ಒಂದು ದೊಡ್ಡ ಲೋಕಪಟವನ್ನು ಪ್ರಕಟಿಸಿದನು.

ಅವನ ಮುಂದಿದ್ದ ಪ್ರಶ್ನೆ ನಾವಿಕರದು. ನಡುಗಡಲಿನಲ್ಲಿ ನಾವಿಕನಿಗಿದ್ದ ಆಸರೆ ದಿಕ್ಸೂಚಿ. ಉತ್ತರಕ್ಕೆ ಇಷ್ಟು ಡಿಗ್ರಿ ಎಂದು ಗೊತ್ತುಮಾಡಿಕೊಂಡು ಆ ಕೋನವನ್ನು ಕದಲಿಸದೆ ಹಡಗನ್ನು ನಡೆಸುವುದು ಅವನಿಗೆ ಸುಲಭ. ಆದರೆ ಅಂತಹ ದಾರಿಯು ಗೋಳದ ಮೇಲೆ ಧ್ರುವದ ಕಡೆಗೆ ಸುತ್ತಿಕೊಂಡು ಹೋಗುವ ಸುರುಳಿಯಾಗುತ್ತದೆಯೆಂಬುದನ್ನು 1537ರಲ್ಲಿ ಪೋರ್ಚುಗಲ್ಲಿನ ಪೇದ್ರು ನೂನೆಷನು ತೋರಿಸಿದ್ದನು. ಆ ಸುರುಳಿಯು ಕಾಗದದ ಮೇಲೆ ಸರಳರೇಖೆಯಾಗುವಂತೆ ಭೂಪಟವನ್ನು ಬರೆಯಲು ಸಾಧ್ಯವಾದರೆ, ನಾವಿಕನು ಹೊರಟ ಬಂದರಿನಿಂದ ಸೇರಬೇಕಾದ ಬಂದರಿಗೆ ಒಂದು ಗೆರೆ ಎಳೆದು, ಕೋನವನ್ನು ಅಳೆದು, ಚುಕ್ಕಾಣಿ ಹಿಡಿದು ಕುಳಿತುಕೊಳ್ಳಬಹುದು.

ಮರ್ಕೇಟರನ ಯುಕ್ತಿ ಹೀಗಿದೆ. ಗೋಳದ ಮೇಲೆ ರೇಖಾಂಶದ ಗೆರೆಗಳು ಧ್ರುವದಲ್ಲಿ ಕೂಡಿಕೊಳ್ಳುತ್ತವೆ. ಅವನು ಅವನ್ನು ಒಂದಕ್ಕೊಂದು ಸಮಾಂತರವಾಗಿ ನಿಲ್ಲಿಸಿದನು. ಇದರಿಂದ ಉತ್ತರಕ್ಕೆ ಹೋದಂತೆಲ್ಲ ಪ್ರದೇಶಗಳು ಪೂರ್ವಪಶ್ಚಿಮವಾಗಿ ಎಳೆದುಕೊಳ್ಳುತ್ತವೆ. ಉದಾಹರಣೆಗೆ 60 ಡಿಗ್ರಿ ಅಕ್ಷಾಂಶದ ವೃತ್ತದ ಸುತ್ತಳತೆಯು ಸುಮಾರು 20,000 ಕಿಲೋಮೀಟರ್, ಎಂದರೆ ಭೂಮಧ್ಯರೇಖೆಯ ಅರ್ಧ. ಕಾಗದದ ಮೇಲೆ ಎರಡಕ್ಕೂ ಒಂದೇ ಉದ್ದ. ಅಲ್ಲಿನ ಅಗಲವು ಇಮ್ಮಡಿಯಾಯಿತು. ಅಗಲ ಮಾತ್ರ ಹೆಚ್ಚಿದರೆ ಕೋನಗಳು ಕೆಡುತ್ತವೆ. ಆದುದರಿಂದ ಅಗಲವು ಎಷ್ಟು ಪಟ್ಟು ಹೆಚ್ಚಿತೋ ಅಷ್ಟೇ ಪಟ್ಟು ಎತ್ತರವನ್ನೂ ಹೆಚ್ಚಿಸಿದನು. ಕೋನಗಳು ಉಳಿದವು, ದಿಕ್ಕು ಉಳಿಯಿತು. ವಿಸ್ತೀರ್ಣವು ಬಲಿಯಾಯಿತು. 60 ಡಿಗ್ರಿಯಲ್ಲಿ ಅದು ನಾಲ್ಕು ಪಟ್ಟು, 80 ಡಿಗ್ರಿಯಲ್ಲಿ 33 ಪಟ್ಟು. ಧ್ರುವವನ್ನು ತೋರಿಸಬೇಕಾದರೆ ಅನಂತವಾದ ಕಾಗದ ಬೇಕು.

ಅಕ್ಷಾಂಶದ ಗೆರೆಗಳನ್ನು ಎಷ್ಟೆಷ್ಟು ದೂರದಲ್ಲಿ ಎಳೆಯಬೇಕೆಂಬುದಕ್ಕೆ ಕರಾರುವಾಕ್ಕಾದ ಕೋಷ್ಟಕವನ್ನು 1599ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ರೈಟನು ಸೀಕೆಂಟಿನ ಬೆಲೆಗಳನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಕೂಡುತ್ತ ಹೋಗಿ ಪ್ರಕಟಿಸಿದನು. ಸುಮಾರು 1645ರಲ್ಲಿ ಹೆನ್ರಿ ಬಾಂಡನು ಆ ಕೋಷ್ಟಕವು ಟ್ಯಾಂಜೆಂಟಿನ ಲಾಗರಿತಮ್ ಕೋಷ್ಟಕದೊಂದಿಗೆ ತಾಳೆಯಾಗುವುದನ್ನು ಆಕಸ್ಮಿಕವಾಗಿ ಗಮನಿಸಿದನು. ಅದೇಕೆ ಹಾಗೆಂಬುದನ್ನು 1668ರಲ್ಲಿ ಜೇಮ್ಸ್ ಗ್ರೆಗರಿಯು ಸಾಧಿಸಿದನು. ಇಂದು ಕಾಲೇಜಿನಲ್ಲಿ ಸೀಕೆಂಟಿನ ಅನುಕಲನವನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗಳು, ಆ ಸೂತ್ರವು ಕಡಲಿನಿಂದ ಬಂದುದೆಂಬುದನ್ನು ನೆನೆದರೆ ಅದು ಅಷ್ಟು ನೀರಸವಾಗಿ ತೋರಲಾರದು.

ಮರ್ಕೇಟರನ ಪಟದ ಒಂದು ಮೂಲೆಯನ್ನು ವಿಶೇಷವಾಗಿ ಗಮನಿಸಬೇಕು. ಧ್ರುವವನ್ನು ಮುಖ್ಯಪಟದಲ್ಲಿ ತೋರಿಸಲಾಗದುದರಿಂದ ಅವನು ಅದಕ್ಕಾಗಿ ಬೇರೆ ಒಂದು ಚಿತ್ರವನ್ನು ಸೇರಿಸಿದ್ದಾನೆ. ಅದರ ನಡುವೆ, ಧ್ರುವದಲ್ಲಿ, ಎತ್ತರವಾದ ಒಂದು ಕರಿಯ ಬಂಡೆ. ಅದರ ಸುತ್ತ ನಾಲ್ಕು ಭೂಭಾಗಗಳು. ಯಾರೂ ನೋಡದಿದ್ದ ಸ್ಥಳವನ್ನು ಹಳೆಯ ಕಥೆಗಳಿಂದ ತುಂಬಿದ್ದನು. ನಮ್ಮ ಸಿದ್ಧಾಂತಿಗಳು ಧ್ರುವದಲ್ಲಿಟ್ಟ ಮೇರುವು ಓದುಗರಿಗೆ ಇಲ್ಲಿ ನೆನಪಾಗದಿರದು. ಅಳತೆಯು ಮುಗಿದ ಕಡೆ ಕಲ್ಪನೆಯು ಕೈಗೆ ಲೇಖನಿಯನ್ನು ತೆಗೆದುಕೊಳ್ಳುವುದು ಎಲ್ಲ ದೇಶಗಳಲ್ಲಿಯೂ ಒಂದೇ.

ಕಡಲಿನಿಂದ ಗೋಡೆಗೆ

ಮರ್ಕೇಟರನು ಯಾರನ್ನೂ ಮೋಸಗೊಳಿಸಲಿಲ್ಲ. ನಾವಿಕರ ಬಳಕೆಗೆ ಹೊಂದುವಂತೆ ತಿದ್ದಿದ ಪಟವೆಂದು ಅದರ ತಲೆಬರಹದಲ್ಲಿಯೇ ಅಚ್ಚುಹಾಕಿಸಿದ್ದನು. ಮುಂದಿನವರು ಪಟವನ್ನು ಹಡಗಿನಿಂದ ಇಳಿಸಿ ಪಾಠಶಾಲೆಯ ಗೋಡೆಗೆ ಏರಿಸಿದರು. ತಲೆಬರಹವು ಮಾತ್ರ ಹಡಗಿನಲ್ಲಿಯೇ ಉಳಿಯಿತು.

ಇದರ ಪರಿಣಾಮ ಸಾಮಾನ್ಯವಾದುದಲ್ಲ. ಆ ಪಟದಲ್ಲಿ ಗ್ರೀನ್‌ಲೆಂಡ್ ದ್ವೀಪವು ಆಫ್ರಿಕ ಖಂಡಕ್ಕೆ ಸರಿಸಮನಾಗಿ ಕಾಣುತ್ತದೆ. ಗ್ರೀನ್‌ಲೆಂಡಿನ ವಿಸ್ತೀರ್ಣ ಸುಮಾರು 21.7 ಲಕ್ಷ ಚದರ ಕಿಲೋಮೀಟರ್. ಆಫ್ರಿಕದ್ದು ಸುಮಾರು 303 ಲಕ್ಷ. ಎಂದರೆ ಆಫ್ರಿಕವು ಹದಿನಾಲ್ಕು ಪಟ್ಟು ದೊಡ್ಡದು! ನಮ್ಮ ಭಾರತದ ವಿಸ್ತೀರ್ಣ ಸುಮಾರು 32.9 ಲಕ್ಷ ಚದರ ಕಿಲೋಮೀಟರ್. ಗ್ರೀನ್‌ಲೆಂಡಿನ ಒಂದೂವರೆಯಷ್ಟಿರುವ ಭಾರತವು ಪಟದಲ್ಲಿ ಅದರ ಮುಂದೆ ಕುಬ್ಜವಾಗಿ ನಿಲ್ಲುತ್ತದೆ. ಭೂಮಧ್ಯರೇಖೆಯ ಆಸುಪಾಸಿನ ದೇಶಗಳೆಲ್ಲ ಕುಗ್ಗಿ, ಯೂರೋಪು, ರಷ್ಯ, ಕೆನಡ ಮೊದಲಾದ ಉತ್ತರದ ನಾಡುಗಳು ಹಿಗ್ಗಿ ಕಾಣುತ್ತವೆ. ತಲೆಮಾರುಗಳವರೆಗೆ ಮಕ್ಕಳು ದೇಶಗಳ ದೊಡ್ಡತನವನ್ನು ಈ ಅಳತೆಯಿಂದ ಕಲಿತರು.

ಭೂಪಟವು ಯಾರ ಪ್ರಶ್ನೆಗೆ ಉತ್ತರ ಎಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವಿದೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಕೂಡಲೇ ಇಂಗ್ಲಿಷ್ ಕಂಪೆನಿಯವರು ಮೈಸೂರು ಸೀಮೆಯ ಮೋಜಣಿಗೆ ತೊಡಗಿದರು. ಕಾಲಿನ್ ಮೆಕೆಂಜಿಯು ಊರು, ಕೆರೆ, ಗಡಿಗಳ ವಿವರವನ್ನು ಸಂಗ್ರಹಿಸಿದನು. ವಿಲಿಯಂ ಲ್ಯಾಂಬ್‌ಟನ್ನನು 1800ರಲ್ಲಿ ಬೆಂಗಳೂರಿನ ಬಳಿ ಸರಪಣಿಯಿಂದ ಒಂದು ಆಧಾರರೇಖೆಯನ್ನು ಅಳೆದು, ಅಲ್ಲಿಂದ ತ್ರಿಕೋನಗಳನ್ನು ಹೆಣೆಯತೊಡಗಿದನು. 1802ರಲ್ಲಿ ಮದರಾಸಿನಲ್ಲಿ ಆರಂಭವಾದ ಮಹಾ ತ್ರಿಕೋನಮಿತಿಯ ಮೋಜಣಿಗೆ ಇದು ಮುನ್ನುಡಿಯಾಯಿತು. ಲ್ಯಾಂಬ್‌ಟನ್ನನಿಗೆ ಭೂಮಿಯ ನಿಜವಾದ ಆಕಾರವನ್ನು ತಿಳಿಯಬೇಕೆಂಬ ವೈಜ್ಞಾನಿಕ ಹಂಬಲವಿದ್ದಿತು. ಅವನಿಗೆ ಹಣವನ್ನು ಒದಗಿಸಿದವರಿಗಾದರೋ ಗೆದ್ದ ನೆಲದ ಕಂದಾಯ ಮತ್ತು ದಂಡಿನ ದಾರಿಗಳು ಬೇಕಾಗಿದ್ದವು. ಒಂದೇ ಅಳತೆಯಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿದ್ದವು.

ವಿಸ್ತೀರ್ಣವನ್ನು ಉಳಿಸುವ ಪಟಗಳು ಇಲ್ಲದಿರಲಿಲ್ಲ. ಲ್ಯಾಂಬರ್ಟನು 1772ರಲ್ಲಿಯೇ ಅಂತಹ ಕ್ರಮಗಳನ್ನು ಕೊಟ್ಟಿದ್ದನು. 1855ರಲ್ಲಿ ಜೇಮ್ಸ್ ಗಾಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯು ಸೂಚಿಸಿದ ಕ್ರಮವನ್ನೇ ಹೋಲುವ ಪಟವನ್ನು 1973ರಲ್ಲಿ ಆರ್ನೋ ಪೀಟರ್ಸನು ಬಡರಾಷ್ಟ್ರಗಳಿಗೆ ನ್ಯಾಯ ಒದಗಿಸುವ ಪಟವೆಂದು ಸಾರಿದಾಗ ದೊಡ್ಡ ವಾದವೇ ಎದ್ದಿತು. ಅದರಲ್ಲಿ ವಿಸ್ತೀರ್ಣವು ಸರಿ. ಆದರೆ ಆಫ್ರಿಕವು ತೊಳೆದು ಹಗ್ಗಕ್ಕೆ ನೇತುಹಾಕಿದ ಅಂಗಿಯಂತೆ ಉದ್ದಕ್ಕೆ ಜೋತುಬೀಳುತ್ತದೆ. ಗೌಸನ ಪ್ರಮೇಯವು ಯಾರ ಸದುದ್ದೇಶಕ್ಕೂ ರಿಯಾಯಿತಿ ಕೊಡುವುದಿಲ್ಲ. 2018ರಲ್ಲಿ ಮೂವರು ಭೂಪಟಕಾರರು ವಿಸ್ತೀರ್ಣವನ್ನು ಪೂರ್ಣವಾಗಿ ಉಳಿಸಿಕೊಂಡು ಆಕಾರವನ್ನು ಆದಷ್ಟು ಕಡಮೆ ಕೆಡಿಸುವ ಹೊಸ ಪಟವೊಂದನ್ನು ರಚಿಸಿದರು. 2025ರ ಆಗಸ್ಟಿನಲ್ಲಿ ಆಫ್ರಿಕ ಒಕ್ಕೂಟವು ಮರ್ಕೇಟರನ ಪಟದ ಬದಲು ಅಂತಹ ಪಟಗಳನ್ನು ಬಳಸಬೇಕೆಂಬ ಚಳವಳಿಗೆ ಬೆಂಬಲ ಕೊಟ್ಟಿತು. 450 ವರ್ಷಗಳ ಹಿಂದೆ ಬರೆದ ಪಟವೊಂದು ಇಂದಿಗೂ ಒಂದು ಖಂಡದ ಜನರ ಅಭಿಮಾನವನ್ನು ಕೆಣಕಬಲ್ಲುದೆಂದರೆ, ಭೂಪಟವು ಬರಿಯ ಕಾಗದವಲ್ಲವೆಂಬುದು ಸ್ಪಷ್ಟ.

ಆದರೂ ಮರ್ಕೇಟರನಿಗೆ ಅನ್ಯಾಯ ಮಾಡಬಾರದು. ಇಂದು ನಾವು ಕೈಫೋನಿನಲ್ಲಿ ಊರಿನ ಬೀದಿಗಳನ್ನು ಹುಡುಕುವ ಪಟಗಳು ಬಹುಮಟ್ಟಿಗೆ ಅವನ ಕ್ರಮವನ್ನೇ ಆಧರಿಸಿವೆ. ಬೀದಿಗಳು ಕೂಡುವೆಡೆಯ ಕೋನವು ಕಣ್ಣಿಗೆ ಕಂಡಂತೆಯೇ ಪಟದಲ್ಲಿಯೂ ಇರಬೇಕಲ್ಲವೆ? ಕೋನವನ್ನು ಉಳಿಸುವುದು ಆ ಕ್ರಮದ ಗುಣ. ಒಂದು ಊರಿನಷ್ಟು ಸಣ್ಣ ಪ್ರದೇಶದಲ್ಲಿ ವಿಸ್ತೀರ್ಣದ ದೋಷವು ಎಲ್ಲ ಕಡೆ ಒಂದೇ ಸಮನಾಗಿರುವುದರಿಂದ ತೊಂದರೆಯಿಲ್ಲ. ನಾವಿಕನಿಗೆ ಹೇಗೋ, ಬೀದಿ ಹುಡುಕುವವನಿಗೂ ಹಾಗೆಯೇ ಅದು ಒಳ್ಳೆಯ ಉತ್ತರ. ದೇಶಗಳ ಗಾತ್ರವನ್ನು ಹೋಲಿಸುವವನಿಗೆ ಅದು ಕೆಟ್ಟ ಉತ್ತರ.

ಆಕಾಶದಿಂದ ಕಂಡ ಭೂಮಿ

ಇಷ್ಟೆಲ್ಲ ತೊಡಕೇಕೆ, ಭೂಮಿಯಿಂದ ದೂರ ಹೋಗಿ ಛಾಯಾಚಿತ್ರವನ್ನು ತೆಗೆದರಾಯಿತಲ್ಲ ಎನ್ನಬಹುದು. 1972ರ ಡಿಸೆಂಬರ್ 7ರಂದು ಚಂದ್ರನತ್ತ ಸಾಗುತ್ತಿದ್ದ ಅಪೋಲೊ 17ರ ಯಾತ್ರಿಕರು ಸುಮಾರು 29,000 ಕಿಲೋಮೀಟರ್ ದೂರದಿಂದ ಅದನ್ನೇ ಮಾಡಿದರು. ಸೂರ್ಯನ ಬೆಳಕಿನಲ್ಲಿ ತುಂಬಿ ತೋರುವ ನೀಲಿ ಗೋಳದ ಆ ಚಿತ್ರವು ಜಗತ್ಪ್ರಸಿದ್ಧವಾಗಿದೆ. ಆಫ್ರಿಕ, ಅರೇಬಿಯ, ಬಿಳಿಯ ಅಂಟಾರ್ಕ್ಟಿಕ ಖಂಡ, ಸುರುಳಿಸುರುಳಿಯಾದ ಮೋಡಗಳು ಅದರಲ್ಲಿವೆ. ಯಾವ ದೇಶದ ಗಡಿಯೂ ಇಲ್ಲ.

ಆದರೆ ಅದನ್ನು ತೆಗೆದಾಗ ಚಿತ್ರದಲ್ಲಿ ದಕ್ಷಿಣಧ್ರುವವು ಮೇಲಿದ್ದಿತು. ಪ್ರಕಟಿಸುವಾಗ ಅದನ್ನು ತಿರುಗಿಸಿ, ಉತ್ತರವು ಮೇಲೆ ಬರುವಂತೆ ಮಾಡಿದರು. ಮನುಷ್ಯನು ಕೊನೆಗೊಮ್ಮೆ ಭೂಮಿಯಿಂದ ಹೊರಗೆ ನಿಂತು ಅದನ್ನು ಕಣ್ಣಾರೆ ಕಂಡಾಗಲೂ, ಕಂಡುದನ್ನು ಪಾಠಶಾಲೆಯ ಗೋಡೆಯ ಚಿತ್ರಕ್ಕೆ ಹೊಂದಿಸಿಕೊಂಡನು. ಅಲ್ಲದೆ ಆ ಛಾಯಾಚಿತ್ರವೂ ಪೂರ್ಣವಲ್ಲ. ಗೋಳವನ್ನು ಒಂದು ಕಡೆಯಿಂದ ನೋಡಿದರೆ ಅರ್ಧಭಾಗವು ಮರೆಯಾಗಿಯೇ ಇರುತ್ತದೆ.

ಆದುದರಿಂದ ಯಾವ ಭೂಪಟವನ್ನು ನೋಡಿದಾಗಲೂ ವಿದ್ಯಾರ್ಥಿಗಳು ಮೂರು ಮಾತುಗಳನ್ನು ಕೇಳುವ ಅಭ್ಯಾಸ ಮಾಡಿಕೊಳ್ಳಬೇಕೆಂದು ನಾವು ಬಯಸುತ್ತೇವೆ. ಇದು ಯಾರಿಗಾಗಿ ಬರೆದುದು? ಇದರಲ್ಲಿ ಯಾವುದನ್ನು ಉಳಿಸಿದ್ದಾರೆ? ಯಾವುದನ್ನು ಬಿಟ್ಟುಕೊಟ್ಟಿದ್ದಾರೆ? ಈ ಪ್ರಶ್ನೆಗಳನ್ನು ಪುರಾಣದ ಚಿತ್ರಕ್ಕೂ ಕೇಳಬಹುದು, ಮರ್ಕೇಟರನಿಗೂ ಕೇಳಬಹುದು, ಕೈಫೋನಿಗೂ ಕೇಳಬಹುದು.

ಅದಕ್ಕೆ ಮೊದಲು ಒಂದು ಕೆಲಸ. ನಾಳೆ ಶಾಲೆಗೋ ಕಾಲೇಜಿಗೋ ಹೋದಾಗ, ಮೂಲೆಯಲ್ಲಿ ಕುಳಿತಿರುವ ಭೂಗೋಳದ ಧೂಳನ್ನು ಕೊಡವಿ ಮೇಜಿನ ಮೇಲಿಡಿ. ಒಂದು ಗೇಣಿನಷ್ಟು ದಾರ ಸಾಕು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋವಿಗೆ, ದೆಹಲಿಯಿಂದ ನ್ಯೂಯಾರ್ಕಿಗೆ, ನಿಮ್ಮ ಊರಿನಿಂದ ನಿಮಗೆ ಇಷ್ಟವಾದ ಯಾವುದೇ ಊರಿಗೆ ಅದನ್ನು ಬಿಗಿಹಿಡಿದು ನೋಡಿ. ಆಮೇಲೆ ತಲೆಯೆತ್ತಿ ಗೋಡೆಯ ಮೇಲಿನ ಭೂಪಟದಲ್ಲಿ ಅದೇ ದಾರಿಯನ್ನು ಬೆರಳಿನಿಂದ ಗುರುತಿಸಲು ಪ್ರಯತ್ನಿಸಿ.